ಕುಂಟೆತ್ತಿನ ಪಾಠ

ಚಿಕ್ಕಮಕ್ಕಳ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿಗೆ ಸೇರುತ್ತೇನೆ ಎಂದು ನಾನು ಹೇಳಿದ ದಿನ ನಮ್ಮತ್ತೆ ರೊಟ್ಟಿ ತಟ್ಟುವ ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

"ಹುಡುಗುರಿಗಿ ಆಡ್ಸದು ಕಲಿಲಾಕ ಔರಂಗಾಬಾದ್ ತನಕ ಹೋಗ್ಬೇಕೇನವ್ವಾ?"

ಬೀದರ್ ಕಡೆಯ ಹೆಂಗಸು, ಮನೆ ತುಂಬ ಮಕ್ಕಳನ್ನು ಸಾಕಿ ಬೆಳೆಸಿದವರು. ಅವರಿಗೆ ಹಾಗನ್ನಿಸಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಸ್ವಭಾವವೇ ಅಂಥದ್ದು, ಯಾರಾದರೂ ಬೇಡ ಎಂದರೆ ಆ ಕೆಲಸ ಮಾಡಿಯೇ ತೀರಬೇಕು. ಅತ್ತೆ ಅವತ್ತು ಸುಮ್ಮನಿದ್ದಿದ್ದರೆ ಮೊದಲ ವರ್ಷವೇ ಬಿಟ್ಟುಬಿಡುತ್ತಿದ್ದೆನೋ ಏನೋ.

ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ. ವರ್ಗವಾಗಿ ನಾಸಿಕ್‌ಗೆ ಬಂದು ದೇವಳಾಲಿ ಕ್ಯಾಂಪಿನಲ್ಲಿ ಮನೆ ಹಿಡಿದಿದ್ದೆವು. ಎರಡು ಗಲ್ಲಿ ಆಚೆ ಒಂದು ಬಾಲವಾಡಿಯಿತ್ತು; ಸೈನಿಕರ ಮಕ್ಕಳೇ ಹೆಚ್ಚು. ಮಗಳನ್ನು ಬಿಡಲು ಹೋದವಳು ದಿನವೂ ಅಲ್ಲೇ ಉಳಿಯತೊಡಗಿದೆ. ಅಳುವವರನ್ನು ಎತ್ತಿಕೊಳ್ಳುವುದು, ಮೂಗು ಒರೆಸುವುದು, ಡಬ್ಬಿ ಬಿಚ್ಚಿಕೊಡುವುದು. ಅಲ್ಲಿನ ಹಿರಿಯ ಶಿಕ್ಷಕಿ ಒಂದು ದಿನ ನೇರವಾಗಿಯೇ ಹೇಳಿದರು: ಪದವಿ, ಅದರ ಜೊತೆಗೆ ಶಿಕ್ಷಕಿಯ ಪ್ರಮಾಣಪತ್ರ ತಂದರೆ ಒಂದು ತರಗತಿ ನಿನ್ನದು, ಇಲ್ಲದಿದ್ದರೆ ಮೂಗು ಒರೆಸಿಕೊಂಡೇ ಇರಬೇಕಾಗುತ್ತದೆ. ಆ ತರಗತಿ ನನಗೆ ಬೇಕಿತ್ತು. ಗೋಡೆಗೆ ಯಾವ ಬಣ್ಣ, ಚಾಪೆ ಎಲ್ಲಿ ಹಾಸುವುದು, ಎಲ್ಲ ಮನಸ್ಸಿನಲ್ಲೇ ಸಿದ್ಧ ಮಾಡಿಟ್ಟುಕೊಂಡಿದ್ದೆ.

ಕಾಲೇಜು ಇದ್ದದ್ದು ಈಗಿನ ಸಂಭಾಜಿನಗರದಲ್ಲಿ. ಆಗ ಎಲ್ಲರ ಬಾಯಲ್ಲೂ ಔರಂಗಾಬಾದೇ. ವರ್ಷಕ್ಕೆ ಕೆಲವು ಸಲ ಅಲ್ಲಿಗೆ ಹೋಗಿ ವಾರಗಟ್ಟಲೆ ತರಗತಿಗಳಲ್ಲಿ ಕೂರಬೇಕು, ಉಳಿದ ದಿನ ಮನೆಯಲ್ಲಿ ಓದು, ಬಾಲವಾಡಿಯಲ್ಲಿ ಅಭ್ಯಾಸ. ಓದು ಎಂಥ ರುಚಿ ಹಿಡಿಸಿತು ಎಂದರೆ ಒಲೆಯ ಮೇಲೆ ಬೇಳೆ ಸೀದರೂ ಗೊತ್ತಾಗುತ್ತಿರಲಿಲ್ಲ. ಮೂರು ವರ್ಷದ ಮಗು ಯಾಕೆ ಕಚ್ಚುತ್ತದೆ, ಒಂದೇ ಕತೆಯನ್ನು ಯಾಕೆ ಮತ್ತೆ ಮತ್ತೆ ಕೇಳುತ್ತದೆ, ತಾನೇ ಬೀಳಿಸಿದ ಲೋಟವನ್ನು ಯಾಕೆ ಇನ್ನೊಮ್ಮೆ ಬೀಳಿಸುತ್ತದೆ. ಮಗಳಿಗೆ ಬೈದದ್ದೆಲ್ಲ ನೆನಪಾಗಿ ಒಮ್ಮೊಮ್ಮೆ ಕಣ್ಣಲ್ಲಿ ನೀರು ಬರುತ್ತಿತ್ತು.

ತೊಡಕಿದ್ದದ್ದು ಮರಾಠಿಯಲ್ಲಿ. ನನ್ನ ಮರಾಠಿ ಈರುಳ್ಳಿ ಚೌಕಾಸಿಗೆ ಸಾಕಾಗುತ್ತಿತ್ತು, ಅಷ್ಟೇ. ಪರೀಕ್ಷೆಯ ಕೊನೆಯ ಪಾಠವನ್ನು ಕಾಲೇಜಿಗೆ ಸೇರಿದ ಶಿಶುಶಾಲೆಯಲ್ಲಿ, ಮುಖಪರಿಚಯವೂ ಇಲ್ಲದ ಮಕ್ಕಳೆದುರು, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಮರಾಠಿಯಲ್ಲೇ ಮಾಡಬೇಕು. ಮೊದಲ ಸಲ ಮಳೆಯ ಮೇಲೊಂದು ಪಾಠವನ್ನು ಗಿಳಿಯ ಹಾಗೆ ಬಾಯಿಪಾಠ ಮಾಡಿಕೊಂಡು ಹೋಗಿ, ನಿಂತಲ್ಲೇ ನಿಂತು ಎಲ್ಲ ಒಪ್ಪಿಸಿಬಿಟ್ಟೆ. ಒಂದು ವಾಕ್ಯವೂ ತಪ್ಪಲಿಲ್ಲ. ಮಕ್ಕಳಲ್ಲಿ ಒಬ್ಬಳು ಮಲಗಿದಳು, ಇಬ್ಬರು ಜಗಳವಾಡಿದರು, ಉಳಿದವರು ಕಿಟಕಿ ನೋಡಿದರು. ನಾನು ನಪಾಸು. ನನ್ನ ಮಾರ್ಗದರ್ಶಕಿ, ನಗುವುದನ್ನೇ ಮರೆತಂತಿದ್ದ ಮರಾಠಿ ಮೇಡಂ, ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿ, ನಿನ್ನ ಪಾಠದಲ್ಲಿ ಎಲ್ಲ ಇತ್ತು, ಮಕ್ಕಳೇ ಇರಲಿಲ್ಲ ಎಂದರು. ನಿಯಮದ ಪ್ರಕಾರ ಇನ್ನು ಒಂದೇ ಅವಕಾಶ. ಅದೂ ಹೋದರೆ ಪದವಿಯೂ ಇಲ್ಲ, ಪ್ರಮಾಣಪತ್ರವೂ ಇಲ್ಲ.

ಎರಡನೆಯ ಪಾಠ ಜೂನ್ ತಿಂಗಳಲ್ಲಿ ಬಂತು. ಈ ವಾರ ಮಕ್ಕಳ ಮನೆಯಲ್ಲಿ ನಡೆಯುತ್ತಿರುವ ಯಾವುದಾದರೂ ವಿಷಯ ಆರಿಸಿಕೋ ಎಂದು ಮೇಡಂ ಹೇಳಿದ್ದರು. ನಮ್ಮ ಅಡುಗೆಮನೆಯಲ್ಲಿ ಕಲಬುರಗಿಯಿಂದ ತಂದ ಕನ್ನಡ ಕ್ಯಾಲೆಂಡರು ತೂಗುತ್ತಿತ್ತು. ನೋಡಿದರೆ ಅದೇ ವಾರ ಮಣ್ಣೆತ್ತಿನ ಅಮಾವಾಸ್ಯೆ! ನಮ್ಮ ಕಡೆ ಮುಂಗಾರು ಶುರುವಾಗುವಾಗ ಬರುವ ಆ ಅಮಾವಾಸ್ಯೆಗೆ ಕರಿಮಣ್ಣಿನಲ್ಲಿ ಎತ್ತು ಮಾಡಿ ಪೂಜಿಸುತ್ತಾರೆ. ಇಲ್ಲಿಯೂ ಎತ್ತಿನ ಹಬ್ಬವಿದೆ, ಪೋಳಾ ಎನ್ನುತ್ತಾರೆ ಎಂದು ಕೇಳಿ ಗೊತ್ತಿತ್ತು. ನಮ್ಮ ಅಮಾವಾಸ್ಯೆ ಬಂತೆಂದರೆ ಅವರದೂ ಬಂತು ಎಂದುಕೊಂಡೆ. ಕ್ಯಾಂಪಿನಲ್ಲಿ ಎಲ್ಲಿ ನೋಡಿದರೂ ಮಿಲಿಟರಿ ಲಾರಿಗಳು. ಎತ್ತೇ ಇಲ್ಲದ ಕಡೆ ಎತ್ತಿನ ಹಬ್ಬ ಯಾವಾಗ ಎಂದು ಯಾರು ಹೇಳಬೇಕು? ಮೇಡಂಗೆ ಫೋನಿನಲ್ಲಿ ವಿಷಯ ಎತ್ತು ಎಂದಷ್ಟೇ ಹೇಳಿದೆ, ಅವರು ಆಗಲಿ ಎಂದರು.

ಅತ್ತೆ ಗೊಣಗುತ್ತಲೇ ಒಂದು ಜೊತೆ ಎತ್ತು ಮಾಡಿಕೊಟ್ಟರು. ಜೋಳದ ಕಾಳಿನ ಕಣ್ಣು, ಎದ್ದುನಿಂತ ಕೋಡು, ಮುಂದೆ ಮೇವಿಗೊಂದು ಪುಟ್ಟ ಗೋದಲಿ. ಬಸ್‌ಸ್ಟ್ಯಾಂಡಿಗೆ ಬಂದ ಗಂಡ ಎತ್ತಿನ ಡಬ್ಬಿಯನ್ನು ಕಿಟಕಿಯಿಂದ ಕೊಡುತ್ತಾ, "ತೊಡಿಮ್ಯಾಲೇ ಇಟ್ಕೊ, ಕೆಳಗ ಇಡಬ್ಯಾಡ" ಎಂದರು. ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಆದರೆ ಅಲ್ಲಿನ ಕೆಂಪು ಸರ್ಕಾರಿ ಬಸ್ಸಿಗೆ ತೊಡೆಯೂ ಒಂದೇ, ನೆಲವೂ ಒಂದೇ. ಯೇವಲಾ ದಾಟಿದ ಮೇಲೆ ಒಂದು ಗುಂಡಿಯಲ್ಲಿ ಬಸ್ಸು ಹಾರಿ ಬಿತ್ತು. ಡಬ್ಬಿ ತೆಗೆದು ನೋಡಿದರೆ ಒಂದು ಎತ್ತಿನ ಮುಂಗಾಲು ಮುರಿದಿತ್ತು. ಆ ಎತ್ತನ್ನು ಮಾತ್ರ ಹೊರಗೆ ತೆಗೆದು ಸೀರೆಯಲ್ಲಿ ಸುತ್ತಿ ಚೀಲದ ತಳಕ್ಕೆ ತುರುಕಿದೆ.

ಪಾಠದ ದಿನ ಮಕ್ಕಳು ಅರ್ಧಚಂದ್ರಾಕಾರವಾಗಿ ಕುಳಿತಿದ್ದರು. ಹಿಂದೆ ಕುರ್ಚಿಯಲ್ಲಿ ಪರೀಕ್ಷಕಿ, ದಪ್ಪ ಕನ್ನಡಕದ ವಯಸ್ಸಾದ ಹೆಂಗಸು. ಪಕ್ಕದಲ್ಲಿ ನಮ್ಮ ಮೇಡಂ. ಮಕ್ಕಳಿಗೆ ಗೊತ್ತಿರುವುದನ್ನು ಕೇಳುತ್ತಾ ಪಾಠ ಆರಂಭಿಸಬೇಕು ಎನ್ನುವುದು ಕ್ರಮ. ಈ ವಾರ ನಿಮ್ಮ ಮನೆಯಲ್ಲೆಲ್ಲ ಎತ್ತಿನ ಹಬ್ಬ ಅಲ್ಲವಾ, ಯಾರು ಯಾರು ಎತ್ತು ಮಾಡಿದಿರಿ ಎಂದು ಕೇಳಿದೆ. ಎರಡು ಜಡೆಯ ಒಬ್ಬಳು ಎದ್ದು ನಿಂತು, ಟೀಚರ್, ಪೋಳಾ ಈಗಲ್ಲ, ರಾಖಿ ಆದಮೇಲೆ, ನಮ್ಮ ಅಜ್ಜನ ಮನೆಯಲ್ಲಿ ನಿಜವಾದ ಎತ್ತೇ ಇದೆ ಎಂದಳು.

ಪರೀಕ್ಷಕಿಯ ಪೆನ್ನು ಓಡಿತು. ಮೇಡಂ ಕಣ್ಣು ಮುಚ್ಚಿಕೊಂಡರು. ನಾನು ಬಾಯಿಪಾಠ ಮಾಡಿದ್ದ ಮರಾಠಿಯೆಲ್ಲ ಆ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಹೌದು ಎಂಬ ಉತ್ತರ ಬರದಿದ್ದರೆ ಮುಂದೇನು ಹೇಳಬೇಕು ಎಂದು ನಾನು ಯೋಚಿಸಿಯೇ ಇರಲಿಲ್ಲ. ಅಲ್ಲೇ ಚಾಪೆಯ ಮೇಲೆ ಕುಳಿತುಬಿಟ್ಟೆ. ಆ ತರಗತಿ, ಆ ಗೋಡೆಯ ಬಣ್ಣ, ಎಲ್ಲ ಮುಗಿಯಿತು ಎಂದುಕೊಂಡೆ.

ಟೀಚರ್ ಕೆಳಗೆ ಕುಳಿತದ್ದೇ ತಡ, ಎರಡು ಜಡೆಯವಳು ಹತ್ತಿರ ಬಂದು ನನ್ನ ಪಕ್ಕದಲ್ಲಿದ್ದ ಚೀಲಕ್ಕೆ ಕೈ ಹಾಕಿದಳು. ಸೀರೆಯ ಸುತ್ತು ಬಿಚ್ಚಿ ಕುಂಟೆತ್ತನ್ನು ಹೊರಗೆ ತೆಗೆದು, ಇದರ ಕಾಲೆಲ್ಲಿ ಎಂದು ಕೇಳಿದಳು. ಅಷ್ಟು ಸಾಕಾಯಿತು, ಎಲ್ಲರೂ ನನ್ನ ಸುತ್ತ ಬಂದು ಬಿದ್ದರು.

ಆಗ ನನಗೆ ನಮ್ಮೂರು ನೆನಪಾಯಿತು. ಅಮಾವಾಸ್ಯೆಯ ಮರುದಿನ ನಾವು ಮಕ್ಕಳು ಒಂದು ಎತ್ತಿನ ಕಾಲು ಮುರಿದು, ಕುಂಟೆತ್ತು ಬಂದಿದೆ, ಕಾಳು ಕೊಡಿ ಎಂದು ಮನೆಮನೆಗೆ ಹೋಗುತ್ತಿದ್ದೆವು. ಬಂದ ಜೋಳದಲ್ಲಿ ಎಲ್ಲರೂ ಸೇರಿ ಅಡುಗೆ ಮಾಡಿಸಿ ಉಣ್ಣುತ್ತಿದ್ದೆವು. ಅದನ್ನೇ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಹೇಳಿದೆ. ಕೈಯಲ್ಲಿ ಎತ್ತನ್ನು ಕುಂಟಿಸುತ್ತಾ ಮೊದಲನೆಯ ಮಗುವಿನ ಮುಂದೆ ನಿಲ್ಲಿಸಿ, ಬಾಗಿಲು ತೆಗೆಯಿರಿ, ಹಸಿವಾಗಿದೆ ಎಂದೆ.

ಒಬ್ಬಳು ಬರಿಗೈಯಲ್ಲೇ ಭಾಕ್ರಿ ತಟ್ಟಿ ಕೊಟ್ಟಳು. ಒಬ್ಬ ಅವಲಕ್ಕಿ ಕೊಟ್ಟು, ಕಾರ ಇದೆ, ನೀರೂ ಕುಡಿ ಎಂದ. ಇನ್ನೊಬ್ಬ ಮಾತ್ರ ಕೈಕಟ್ಟಿಕೊಂಡು, ನಮ್ಮ ಮನೆಗೆ ಬೀಗ ಹಾಕಿದೆ, ನಾವು ಊರಿಗೆ ಹೋಗಿದ್ದೇವೆ ಎಂದುಬಿಟ್ಟ. ಎರಡು ಜಡೆಯವಳಿಗೆ ಸಿಟ್ಟು ಬಂತು. ಎತ್ತನ್ನು ನನ್ನ ಕೈಯಿಂದ ಕಿತ್ತುಕೊಂಡು ಹೋಗಿ ನೇರ ಪರೀಕ್ಷಕಿಯ ಮುಂದೆ ಹಿಡಿದಳು. ಆಕೆ ಪೆನ್ನು ಕೆಳಗಿಟ್ಟು ಪರ್ಸು ತಡಕಿ ಒಂದು ಲವಂಗ ಕೊಟ್ಟರು. ಎತ್ತು ಲವಂಗ ತಿನ್ನುವುದಿಲ್ಲ ಎಂದು ಹುಡುಗಿ ಅದನ್ನು ವಾಪಸು ಕೊಟ್ಟಳು. ನಮ್ಮ ಮೇಡಂ ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಆಮೇಲೆ ಪಾಠಕ್ಕೆಂದು ಕಲಸಿಟ್ಟಿದ್ದ ಹಸಿ ಮಣ್ಣು ಹಂಚಿದೆ. ಎಲ್ಲರೂ ಆ ಎತ್ತಿಗೆ ಕಾಲು ಮಾಡಲು ಕುಳಿತರು. ಬೀಗ ಹಾಕಿಕೊಂಡಿದ್ದವನು ಮುರಿದ ಕಾಲಿನ ಜಾಗಕ್ಕೆ ಒಂದು ಅಂಟಿಸಿ, ಹೊಟ್ಟೆಯ ಕೆಳಗೆ ಇನ್ನೊಂದನ್ನೂ ಸೇರಿಸಿದ. ಇದು ಯಾಕಪ್ಪ ಎಂದು ಕೇಳಿದರೆ, ಮತ್ತೆ ಮುರಿದರೆ ಬೇಕಲ್ಲ ಎಂದ.

ಮಧ್ಯಾಹ್ನ ಪರೀಕ್ಷಕಿ ಒಳಗೆ ಕರೆದರು. ಬರೆದುಕೊಟ್ಟ ಪಾಠ ಒಂದು, ಆದ ಪಾಠ ಇನ್ನೊಂದು ಎಂದರು. ಹಬ್ಬದ ತಿಂಗಳೂ ತಪ್ಪು ಎಂದರು. ಎರಡಕ್ಕೂ ತಲೆ ಆಡಿಸಿದೆ. ಕಾಲನ್ನು ಬೇಕೆಂದೇ ಮುರಿದು ತಂದೆಯಾ ಎಂದು ಕೇಳಿದರು. ಅವರ ಹಿಂದೆ ನಿಂತಿದ್ದ ಮೇಡಂ ಹೌದು ಎನ್ನು, ಹೌದು ಎನ್ನು ಎಂದು ಕಣ್ಣಲ್ಲೇ ಒತ್ತಾಯಿಸುತ್ತಿದ್ದರು. ಸುಳ್ಳು ಹೇಳುವಷ್ಟು ಮರಾಠಿಯೂ ನನ್ನಲ್ಲಿ ಉಳಿದಿರಲಿಲ್ಲ. ಇಲ್ಲ ಮೇಡಂ, ಕಾಲು ಮುರಿದದ್ದು ಬಸ್ಸು ಎಂದೆ.

ಅವರು ಕಾಗದದ ಮೇಲೆ ಬೆರಳಿಟ್ಟರು. "ಶಿಕ್ಷಕಿಯ ಭಾಷೆ ಹೇಗಿದೆ ಅಂತ ಇಲ್ಲಿ ಬರೆಯಬೇಕು," ಎಂದು ನಿಧಾನವಾಗಿ ಮರಾಠಿಯಲ್ಲಿ ಹೇಳಿದರು. "ಏನು ಬರೆಯಲಿ? ಮಕ್ಕಳ ಮಾತಿನಲ್ಲಿ ನಿನ್ನ ಮಾತು ನನಗೆ ಕೇಳಿಸಲೇ ಇಲ್ಲ."

ಬೈದರೋ ಹೊಗಳಿದರೋ ನನಗೆ ತಿಳಿಯಲಿಲ್ಲ. ಅವರು ಆ ಲವಂಗವನ್ನು ಬಾಯಿಗೆ ಹಾಕಿಕೊಂಡು, ಹೋಗು, ಊಟ ಮಾಡು ಎಂದರು.

ಫಲಿತಾಂಶ ಬಂದ ದಿನ ನಮ್ಮತ್ತೆ ಗಲ್ಲಿಯಲ್ಲೆಲ್ಲ, "ಎತ್ತಿನ ಕಾಲ ಮುರದು ಪಾಸಾಗ್ಯಾಳ ನಮ್ಮ ಸೊಸಿ" ಎಂದು ಹೇಳಿಕೊಂಡು ಬಂದರು. ಬಾಲವಾಡಿಯಲ್ಲಿ ನನಗೆ ತರಗತಿ ಸಿಕ್ಕಿತು. ಗೋಡೆಗೆ ನಾನು ಅಂದುಕೊಂಡ ಬಣ್ಣ ಬರಲಿಲ್ಲ, ಮಿಲಿಟರಿಯವರಲ್ಲಿ ಉಳಿದಿದ್ದ ಹಸಿರೇ ಬಂತು. ಪ್ರತಿ ಜೂನ್‌ನಲ್ಲಿ ನನ್ನ ತರಗತಿಯ ಮಕ್ಕಳು ಎತ್ತು ಮಾಡುತ್ತಿದ್ದರು, ಪೋಳಾ ಬಂದಾಗ ಇನ್ನೊಮ್ಮೆ ಮಾಡುತ್ತಿದ್ದರು. ಎಲ್ಲೆಲ್ಲಿಂದಲೋ ಬಂದ ಆ ಮಕ್ಕಳು ಒಂದು ಎತ್ತಿಗಾದರೂ ಹೆಚ್ಚಿನ ಕಾಲು ಇಡದೆ ಬಿಡುತ್ತಿರಲಿಲ್ಲ. ಒಂದು ಸಲ ಒಬ್ಬ ತಾಯಿ ಬಂದು, ವರ್ಷಕ್ಕೆ ಎರಡು ಪೋಳಾ ಎಂದು ನನ್ನ ಮಗ ಹಟ ಹಿಡಿದಿದ್ದಾನೆ, ಟೀಚರೇ ಹೇಳಿದರಂತೆ, ನಿಜವಾ ಎಂದು ಕೇಳಿದಳು.

ನಿಜ, ಈ ತರಗತಿಯಲ್ಲಿ ಎರಡು ಎಂದೆ.