ಇಟಲಿಯ ಕಾರ್ಡು ತಂದ ತಪಾಲ್ ಮಾಮ

ಹೋದ ತಿಂಗಳು ಮಳೆ ನಿಂತ ಮೇಲೆ ಪಂಚಾಯಿತಿಯವರು ನಮ್ಮ ಬೀದಿಯ ಚರಂಡಿಯುದ್ದಕ್ಕೂ ಬ್ಲೀಚಿಂಗ್ ಪುಡಿ ಚೆಲ್ಲಿ ಹೋದರು. ಆ ಘಾಟು ಕಿಟಕಿಯಿಂದ ಒಳಗೆ ಬಂದದ್ದೇ ತಡ, ಎದ್ದು ಕಿಟಕಿ ಮುಚ್ಚಿದೆ. ಬೇರೆಯವರಿಗೆ ಅದು ಶುಚಿಯ ವಾಸನೆ. ನನಗೆ ಎದುರು ಮನೆಯ ಮುಂದೆ ಮುಳ್ಳು ಹಾಕಿದ ದಿನದ ವಾಸನೆ…

ತಮಿಳು ಸೀಮೆಯ ಹನುಮಂತನಪಟ್ಟಿಯಿಂದ ಸ್ವಲ್ಪ ದೂರದ, ಕನ್ನಡ ಮನೆಮಾತಿನ ಹಳ್ಳಿ ನಮ್ಮದು. ಅಂಚೆಗೆ ನಾವೂ ತಮಿಳಿನವರಂತೆ ತಪಾಲ್ ಎನ್ನುತ್ತೇವೆ. ಅದನ್ನು ಹಂಚುತ್ತಿದ್ದವರು ಎದುರು ಮನೆಯಲ್ಲೇ ಇದ್ದುದರಿಂದ ನನಗೆ ಚಿಕ್ಕಂದಿನಿಂದಲೂ ಅವರು ತಪಾಲ್ ಮಾಮ.

ನಾನು ಕಾಲೇಜು ಸೇರಿದ ವರ್ಷ ಇಂಟರ್‌ನೆಟ್ಟಿನಲ್ಲಿ ಒಂದು ಕೂಟ ಸಿಕ್ಕಿತು. ನಾವು ಗುರುತಿಲ್ಲದ ಯಾರಿಗೋ ಕಾರ್ಡು ಕಳಿಸಿದರೆ, ಜಗತ್ತಿನ ಇನ್ಯಾವುದೋ ಮೂಲೆಯಿಂದ ಇನ್ಯಾರೋ ನಮಗೆ ಕಳಿಸುತ್ತಾರೆ. ಕೋಟೆ, ಹೂವು, ಸಮುದ್ರ ನನಗೆ ಬೇಡವಾಗಿತ್ತು. ಮನುಷ್ಯರ ಚಿತ್ರವಿರುವ ಕಾರ್ಡೇ ಬೇಕೆಂದು ಬರೆದುಕೊಂಡಿದ್ದೆ. ಮೀನು ಮಾರುವ ಹೆಂಗಸರು, ನೂಲು ತೆಗೆಯುವ ಮುದುಕಿ, ಕೆಂಪು ಚೀಲ ಹೊತ್ತ ಜಪಾನಿನ ಮಕ್ಕಳು ಒಬ್ಬೊಬ್ಬರಾಗಿ ನಮ್ಮ ಬೀದಿಗೆ ಬರತೊಡಗಿದರು.

ಮಾಮ ಅವನ್ನು ಉಳಿದ ಕಾಗದಗಳ ಜೊತೆ ಸೇರಿಸುತ್ತಿರಲಿಲ್ಲ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು ತರುತ್ತಿದ್ದರು. ನಮ್ಮ ಮನೆ ಮುಂದಿನ ತಿಣ್ಣೆಯ ಮೇಲೆ ಕೂತು ಮೊದಲು ಮುಖ ನೋಡುತ್ತಿದ್ದರು, ಆಮೇಲೆ ತಿರುಗಿಸಿ ಸ್ಟಾಂಪು. “ಪಾಪಾ, ಈ ಕಿಳವಿ ನಮ್ಮ ಕಾಮಯಗೌಂಡನ್‌ಪಟ್ಟಿ ಚಿಕ್ಕವ್ವನಂಗೇ ಅವ್ಳೆ, ನೋಡು. ಏನ್ ಬರ್ದವ್ಳೆ? ಓದು,” ಎಂದು ನೂಲು ತೆಗೆಯುವ ಮುದುಕಿಯನ್ನು ತೋರಿಸಿದ್ದರು. ನಾನು ಇಂಗ್ಲಿಷನ್ನು ನಮ್ಮ ಮನೆಮಾತಿಗೆ ತಿರುಗಿಸಿ ಹೇಳುತ್ತಿದ್ದೆ. ಪೂರ್ತಿ ಕೇಳಿದ ಮೇಲೆಯೇ ಅವರು ಸೈಕಲ್ ಹತ್ತುತ್ತಿದ್ದುದು.

ಇಟಲಿಯ ಕಾರ್ಡು ಬಂದದ್ದು ಮಾರ್ಚಿನಲ್ಲಿ. ಬೆಂಚಿನ ಮೇಲೆ ಕೂತು ಇಸ್ಪೀಟಾಡುವ ನಾಲ್ವರು ಮುದುಕರು. ಕಳಿಸಿದವರು ನಿವೃತ್ತ ಮೇಷ್ಟ್ರು. ಬಲಗಡೆ ಟೋಪಿ ಹಾಕಿಕೊಂಡಿರುವವನು ತನ್ನ ತಮ್ಮ ಎಂದು ಬರೆದಿದ್ದರು. ಸ್ಟಾಂಪಿನ ಒಂದು ಮೂಲೆ ಎದ್ದಿತ್ತು. ಮಾಮ ಬೆರಳನ್ನು ನಾಲಗೆಗೆ ಮುಟ್ಟಿಸಿ, ಆ ಮೂಲೆಯನ್ನು ಒದ್ದೆ ಮಾಡಿ, ಹೆಬ್ಬೆರಳಿನಿಂದ ಒತ್ತಿದರು. ಅಂಟಲಿಲ್ಲ. ಮತ್ತೆ ನಾಲಗೆಗೆ ಮುಟ್ಟಿಸಿ ಮತ್ತೆ ಒತ್ತಿದರು.

ಎರಡು ವಾರ ಕಳೆಯುವುದರೊಳಗೆ ಹೊಸ ಸೋಂಕಿನ ಹೆದರಿಕೆಗೆ ಎಲ್ಲ ಮುಚ್ಚಿತು. ಬಸ್ಸು ನಿಂತಿತು, ದ್ರಾಕ್ಷಿ ಬಳ್ಳಿಯಲ್ಲೇ ಕೊಳೆಯಿತು. ಟೀವಿಯಲ್ಲಿ ಇಟಲಿಯ ಶವಪೆಟ್ಟಿಗೆಗಳ ಸಾಲು ತೋರಿಸುತ್ತಿದ್ದರು. ಆಗಲೇ ಮಾಮನಿಗೆ ಜ್ವರ ಬಂತು.

ಅವರ ನಾಲಗೆ, ಆ ಬೆರಳು, ಆ ಸ್ಟಾಂಪು. ಕಣ್ಣು ಮುಚ್ಚಿದರೂ ತೆರೆದರೂ ಅದೇ. ನಾನು ತರಿಸಿದ ಕಾರ್ಡು ಅವರನ್ನು ಕೊಲ್ಲುತ್ತಿದೆ ಎಂದು ನಂಬಿಬಿಟ್ಟೆ. ನನಗೂ ಗಂಟಲು ಕೆರೆದಂತಾಗುತ್ತಿತ್ತು. ಅವ್ವ ನನ್ನ ತಟ್ಟೆ ಮುಟ್ಟಿದರೆ ಕಸಿದುಕೊಳ್ಳುತ್ತಿದ್ದೆ. ಊರಿಗೆ ಗೊತ್ತಾದರೆ ನಮ್ಮನ್ನು ಏನು ಮಾಡುತ್ತಾರೋ ಎಂಬ ಹೆದರಿಕೆ ಬೇರೆ. ಒಂದು ಮಧ್ಯಾಹ್ನ ಅವ್ವ ಮಲಗಿದ್ದಾಗ ಡಬ್ಬಿಯಲ್ಲಿದ್ದ ಕಾರ್ಡುಗಳನ್ನೆಲ್ಲ ನೀರೊಲೆಗೆ ಹಾಕಿದೆ. ದಪ್ಪ ಕಾಗದ, ಬೇಗ ಹತ್ತಿಕೊಳ್ಳಲಿಲ್ಲ. ಮುಖಗಳು ಮೊದಲು ಉಬ್ಬಿ, ಆಮೇಲೆ ಸುರುಟಿ, ಕಡೆಗೆ ಕಪ್ಪಾದವು. ಟೋಪಿಯ ಮುದುಕ ಎಲ್ಲರಿಗಿಂತ ತಡವಾಗಿ ಬೆಂದ…

ಮರುದಿನ ಊರವರು ಮಾಮನ ಮನೆಯ ಮುಂದೆ ಸೀಮೆಜಾಲಿ ಮುಳ್ಳು ತಂದು ಹಾಕಿದರು. ಸುತ್ತ ಬ್ಲೀಚಿಂಗ್ ಪುಡಿ ಚೆಲ್ಲಿದರು. ಆಸ್ಪತ್ರೆಯ ವ್ಯಾನು ಬಂತು. ಅದರಲ್ಲಿ ಬಂದ ಒಬ್ಬ ಹೆಂಗಸು ರಸ್ತೆಯಲ್ಲೇ ನಿಂತು ತಮಿಳಿನಲ್ಲಿ ಕೂಗಿ ಕೇಳಿದಳು: “ಐಯಾ, ವೆಳಿನಾಟ್ಟುಲ ಇರುಂದು ಯಾರಾವದು ವಂದಾಂಗಳಾ? ಏದಾವದು ವಂದುಚ್ಚಾ?” ಹೊರದೇಶದಿಂದ ಯಾರಾದರೂ ಬಂದರೇ, ಏನಾದರೂ ಬಂತೇ ಎಂದು.

ನಾನು ನಮ್ಮ ಕಿಟಕಿಯ ಹಿಂದಿದ್ದೆ. ಕಂಬಳಿ ಹೊದ್ದು ಕೂತಿದ್ದ ಮಾಮ ತಲೆಯೆತ್ತಿ ನೇರವಾಗಿ ನನ್ನ ಕಡೆ ನೋಡಿದರು. ಈಗ ಹೇಳುತ್ತಾರೆ ಎಂದುಕೊಂಡೆ.

“ಇಲ್ಲೇ, ತಾಯಿ. ಒಣ್ಣುಮೇ ಇಲ್ಲೇ,” ಎಂದರು. ಏನೂ ಇಲ್ಲ.

ಅವರನ್ನು ತೇನಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಾಮನ ಹೆಂಡತಿ, ನಮ್ಮ ಅತ್ತೆ, ಒಬ್ಬರೇ ಮುಳ್ಳಿನ ಆಚೆ ಉಳಿದರು. ಆ ಸಂಜೆ ನಾನು ಹೊಸಲಿಗೆ ಬಂದದ್ದನ್ನು ಕಂಡು ಕೂಗಿದರು: “ಪಾಪಾ, ಒಂದ್ ಕೊಡ ನೀರ್ ಮುಳ್ಳತ್ರ ಇಟ್ಟು ಓಡೋಗ್ಬುಡು, ಕಣ್ಣು. ನಾನ್ ಆಮ್ಯಾಕೆ ತಕ್ಕತೀನಿ.”

ನಾನು ಬಾಗಿಲು ಹಾಕಿಕೊಂಡೆ.

ಕತ್ತಲಾಗುವ ಮುಂಚೆ ಅವ್ವ ಕೊಡ ಇಟ್ಟು ಬಂದಳು. ಮುಳ್ಳು ತೆಗೆಯುವವರೆಗೂ ಅವಳೇ ಇಟ್ಟಳು. ನಾನು ಹೊಸಲು ದಾಟಲಿಲ್ಲ.

ಮಾಮನಿಗೆ ಆದದ್ದು ಟೈಫಾಯ್ಡ್. ಎರಡು ವಾರದ ಮೇಲೆ ಅರ್ಧ ಆಳಾಗಿ ವಾಪಸು ಬಂದರು. ಮುಳ್ಳು ಹಾಕಿದವರೇ ತೆಗೆದರು. ಆದರೆ ಅವರ ಕೈಯಿಂದ ಕಾಗದ ತೆಗೆದುಕೊಳ್ಳಲು ಜನ ಬಹಳ ದಿನ ಹಿಂದೆಗೆದರು. “ಅಲ್ಲೇ ಎಸ್ದೋಗು, ಅಣ್ಣಾ,” ಎನ್ನುತ್ತಿದ್ದರು.

ಒಂದು ದಿನ ಮತ್ತೆ ನಮ್ಮ ತಿಣ್ಣೆಗೆ ಬಂದು ಕೂತರು. “ನಮ್ಮ ಮುಖಗೊಳೆಲ್ಲ ಪತ್ರವಾಗವ್ಯಾ, ಪಾಪಾ?” ಕಾರ್ಡುಗಳೆಲ್ಲ ಜೋಪಾನವೇ ಎಂದು.

“ಸುಟ್ಬುಟ್ಟೆ, ಮಾಮ.”

ಬೈದಿದ್ದರೆ ಚೆನ್ನಾಗಿತ್ತು. “ಬಯ ಬಂದ್ರೆ ಯಾರಾನ ಮಾಡೋದೇಯ,” ಎಂದರು. ಎದ್ದವರು ನಿಂತರು. “ಆ ಇಟಲಿ ಮೇಷ್ಟ್ರು, ಅವ್ರ ತಮ್ಮ… ಬದ್ಕವ್ರೋ, ಇಲ್ವೋ. ಒಂದ್ ಕಾರ್ಡ್ ಹಾಕಿ ಕೇಳು.”

ನಾನು ಕೇಳಲಿಲ್ಲ. ವಿಳಾಸ ಕೂಟದ ಪುಟದಲ್ಲಿ ಇದ್ದೇ ಇತ್ತು. ಹೊರದೇಶದ ತಪಾಲ್ ಮತ್ತೆ ಶುರುವಾದ ಮೇಲೂ ಪೆನ್ನು ಹಿಡಿದರೆ ಕೈ ಓಡುತ್ತಿರಲಿಲ್ಲ. ಇಲ್ಲ ಎಂಬ ಉತ್ತರ ಬಂದರೆ? ಅದನ್ನು ಅವರಿಗೆ ಹೇಗೆ ಓದಿ ಹೇಳಲಿ? ಮಾಮ ಆಗಾಗ ಕೇಳುತ್ತಿದ್ದರು. ಬರೆದಿದ್ದೇನೆ, ಉತ್ತರ ಬಂದಿಲ್ಲ ಎಂದು ಸುಳ್ಳು ಹೇಳುತ್ತಿದ್ದೆ. “ದೂರ ಅಲ್ವಾ, ಬತ್ತದೆ,” ಎಂದು ನನಗೇ ಸಮಾಧಾನ ಹೇಳುತ್ತಿದ್ದರು.

ಮರುವರ್ಷ ದಿಂಡುಗಲ್ಲಿನ ಮಗಳ ಮನೆಗೆ ಹೋಗಿದ್ದಾಗ ಅವರಿಗೆ ಆ ಕಾಯಿಲೆಯೇ ಬಂತು. ಐದೇ ದಿನ. ದೇಹವನ್ನು ಊರಿಗೆ ತರಲಿಲ್ಲ, ಯಾರಿಗೂ ಮುಖ ತೋರಿಸಲಿಲ್ಲ. ಅತ್ತೆ ಅಲ್ಲೇ ಉಳಿದರು.

ಬ್ಲೀಚಿಂಗ್ ಪುಡಿಯ ಘಾಟು ಬಂದ ಆ ವಾರವೇ ದಿಂಡುಗಲ್ಲಿಗೆ ಹೋದೆ. ಬಾಗಿಲು ಹಾಕಿಕೊಂಡದ್ದನ್ನು ಹೇಳಿದೆ, ಬರೆಯದೆಯೇ ಬರೆದೆ ಎಂದದ್ದನ್ನೂ ಹೇಳಿದೆ. ಅತ್ತೆ ಮೊಮ್ಮಗಳ ಜಡೆ ಹೆಣೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ನೀನ್ ಬರೀಲಿಲ್ಲ ಅಂತ ಅವ್ರ್ಗೆ ಗೊತ್ತಿತ್ತು, ಕಣ್ಣು. ನಮ್ಮೂರ್ ತಪಾಲ್ ಡಬ್ಬಿ ತೆಗ್ಯೋರು ಅವ್ರೇ ತಾನೆ? ಬಿದ್ದಿದ್ರೆ ಅವ್ರ ಕೈಗಲ್ವಾ ಬತ್ತಿದ್ದುದು,” ಎಂದರು.

ಮಾಮ ಗೊತ್ತಿದ್ದೂ ತಿಂಗಳುಗಟ್ಟಲೆ ಕೇಳಿದ್ದರು, ಗೊತ್ತಿದ್ದೂ ಬರುತ್ತದೆ ಎಂದಿದ್ದರು…

ದಿಂಡುಗಲ್ಲಿನ ಬಸ್ ನಿಲ್ದಾಣದಲ್ಲೇ ಕೂತು ಇಟಲಿಗೆ ಬರೆದೆ. ನೀವು, ನಿಮ್ಮ ತಮ್ಮ ಹೇಗಿದ್ದೀರಿ, ನಮ್ಮೂರಿನವರೊಬ್ಬರು ಕೇಳುತ್ತಿದ್ದರು ಎಂದು. ಬರೆದು ಮೂರು ವಾರವಾಯಿತು. ಬೀದಿಯಲ್ಲಿ ಸೈಕಲ್ ಗಂಟೆ ಕೇಳಿದರೆ ಎದ್ದು ಹೊಸಲಿಗೆ ಬರುತ್ತೇನೆ. ಉತ್ತರ ಏನೇ ಬರಲಿ, ಅದನ್ನು ನಮ್ಮ ಮಾತಿನಲ್ಲಿ ಓದಿ ಹೇಳೋಣವೆಂದರೆ ಎದುರು ಮನೆಗೆ ಬೀಗ ಹಾಕಿದೆ.