ಮಾಳಿಗೆಯ ಮಣ್ಣು, ಮಾಲೀಕರ ತೊಲೆ

೧೯೪೮ರ ಅಕ್ಟೋಬರ್ ೧೧, ಸೋಮವಾರ, ಬೆಳಿಗ್ಗೆ ಆರೂ ಮುಕ್ಕಾಲು ಗಂಟೆ. ಭಾಲ್ಕಿಯ ಬಾಡಿಗೆ ಮನೆಯಲ್ಲಿ ಮರಿಯಮಬೀ ಹಳೆಬಟ್ಟೆಯ ಕೌದಿಯ ನಾಲ್ಕನೆಯ ಅಂಚನ್ನು ಹೊಲಿಯುತ್ತಿದ್ದಳು. ತಲೆಯ ಮೇಲೆ ‘ಲಟ್’ ಎಂದು ಸದ್ದಾಯಿತು. ಆ ದಿನಗಳಲ್ಲಿ ಯಾವ ಸದ್ದು ಕೇಳಿದರೂ ಅವಳ ಕಣ್ಣು ಮೊದಲು ಬಾಗಿಲಿಗೆ ಹೋಗುತ್ತಿತ್ತು. ಅಗಳಿ ಹಾಕಿದೆಯೇ ಎಂದು ನೋಡಿದಳು, ಮಗಳು ಸಕೀನಾ ಎಲ್ಲಿದ್ದಾಳೆಂದು ನೋಡಿದಳು, ಆಮೇಲೆ ತಲೆ ಎತ್ತಿದಳು. ನಡುತೊಲೆಯಲ್ಲಿ ಮೊಳದುದ್ದದ ಬಿರುಕು. ಜಂತಿಗಳ ಸಂದಿನಿಂದ ಸಣ್ಣ ಮಣ್ಣು ಉದುರುತ್ತಿತ್ತು.

ತೊಲೆ ಯಾಕೆ ಬಿರಿಯಿತೆಂದು ಆ ಮನೆಯಲ್ಲಿ ಬಲ್ಲವಳು ಅವಳೊಬ್ಬಳೇ. ಅವಳ ಹೆದರಿಕೆಯೂ ಅದೇ.

ಮರಿಯಮಬೀಗೆ ಆಗ ಮೂವತ್ತೆಂಟು ವರ್ಷ. ಸ್ಟೇಷನ್ನಿಗೆ ಟಾಂಗಾ ಹೊಡೆಯುತ್ತಿದ್ದ ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಕೌದಿ ಹೊಲಿದು ಮಗಳನ್ನು ಸಾಕಿದ್ದಳು. ಮನೆ ಜೋಳ-ಬೆಲ್ಲದ ವ್ಯಾಪಾರಿ ಹಾವಗೆಪ್ಪನದು. ನಡುವೆ ಒಂದು ಮಣ್ಣಿನ ಗೋಡೆ. ಆಚೆ ಅವನ ಸಂಸಾರ, ಈಚೆ ಇವಳದು. ಮೇಲೆ ಮಣ್ಣು ಹಾಸಿದ ಚಾವಣಿ, ಅಂದರೆ ಮಾಳಿಗೆ, ಮಾತ್ರ ಒಂದೇ, ಅದನ್ನು ಹೊತ್ತ ನಡುತೊಲೆಯೂ ಒಂದೇ.

ಕರಾರುಪತ್ರ ಇರಲಿಲ್ಲ, ಊರ ರಿವಾಜು ಇತ್ತು. ಮೇಲಿನ ಮಣ್ಣಿನ ಕೆಲಸ ಒಳಗೆ ಇರುವವರದು, ಕೆಳಗಿನ ಕಟ್ಟಿಗೆಯ ಖರ್ಚು ಮಾಲೀಕರದು. ಪ್ರತಿವರ್ಷ ಜೂನ್ ಮೊದಲಿನ ಮಿರಗದ ಮಳೆಗೆ ಮುಂಚೆ ಬಿರಿದ ಹಳೆಯ ಮಣ್ಣನ್ನು ನಾಲ್ಕು ಬೆರಳು ಕೆರೆದು ಚೆಲ್ಲಬೇಕು. ಅಷ್ಟೇ ಹೊಸ ಮಣ್ಣು ಹಾಕಿ ಬಡಿಯಬೇಕು. ಆಗ ಮಾಳಿಗೆ ಸೋರುವುದಿಲ್ಲ, ಭಾರವೂ ಹೆಚ್ಚುವುದಿಲ್ಲ.

ಆ ವರ್ಷ ಏಪ್ರಿಲ್‌ನಲ್ಲಿ ನಿಜಾಮನ ಪರ ನಿಂತ ರಜಾಕಾರರ ಕಾಟಕ್ಕೆ ಹೆದರಿ ಹಾವಗೆಪ್ಪನ ಮನೆಯವರು ಗಡಿ ದಾಟಿ ಸೊಲ್ಲಾಪುರಕ್ಕೆ ಹೋದರು. ಹೋಗುವಾಗ ಕೀಲಿಕೈಯನ್ನು ಮರಿಯಮಬೀಯ ಕೈಗಿಟ್ಟು, “ಮನಿ ಮ್ಯಾಲ ಲಕ್ಷ್ಯ ಇರ್ಲಿ” ಎಂದಿದ್ದರು. ಮನೆ ಎಂದರೆ ಮಾಳಿಗೆಯೂ ಬಂತು ಎಂದುಕೊಂಡಳು. ಆದರೆ ಹಳೆಯ ಮಣ್ಣು ಕೆರೆಯಲು ಇಬ್ಬರು ಗಂಡಾಳು ಎರಡು ದಿನ ಮೇಲೆ ನಿಲ್ಲಬೇಕು. ಆ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಯಾರು ನಿಂತರೂ ರಜಾಕಾರರೂ ಅವರ ವಿರೋಧಿಗಳೂ ಅವರನ್ನು ಹೊಂಚು ಹಾಕುವವರೆಂದೇ ತಿಳಿಯುತ್ತಿದ್ದರು. ಕರೆದ ಆಳುಗಳು ಬರಲಿಲ್ಲ. ಕೊನೆಗೆ ಮಣ್ಣು ಹೊರುವ ಜನಾಬಾಯಿಯೂ ಇವಳೂ ಎರಡು ಮುಂಜಾವು ಬಗ್ಗಿ ಬಗ್ಗಿ ಎಂಬತ್ತು ಬುಟ್ಟಿ ಹೊಸ ಮಣ್ಣು ಸುರಿದು, ಎಳೆದು, ಇಳಿದುಬಂದರು. ಹಳೆಯದು ಹಾಗೇ ಉಳಿಯಿತು. ನೆನೆದ ಮಣ್ಣಿನ ಬುಟ್ಟಿಗೆ ಹದಿನೈದು ಸೇರು ಹಿಡಿದರೂ ಒಟ್ಟು ಸಾವಿರದ ಇನ್ನೂರು ಸೇರು, ಅಂದರೆ ಮೂವತ್ತು ಮಣ. ತೊಲೆ ಅಷ್ಟನ್ನೂ ನಾಲ್ಕು ತಿಂಗಳು ಹೊತ್ತು ನಿಂತಿತ್ತು.

ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಬಂದು ಐದೇ ದಿನಗಳಲ್ಲಿ ನಿಜಾಮನ ರಾಜ್ಯ ಹೋಯಿತು. ಹೆದರಿಕೆ ಹೋಗಲಿಲ್ಲ, ಗೋಡೆಯ ಆ ಬದಿಯಿಂದ ಈ ಬದಿಗೆ ಬಂತು. ಸುತ್ತಲ ಹಳ್ಳಿಗಳಲ್ಲಿ ಮುಸಲ್ಮಾನರ ಮೇಲೆ ನಡೆದುದರ ಸುದ್ದಿ ಕೇಳಿ ಮರಿಯಮಬೀ ಹಗಲಲ್ಲೂ ಅಗಳಿ ತೆಗೆಯುತ್ತಿರಲಿಲ್ಲ. ಬೀದರಿನಲ್ಲಿದ್ದ ಅಣ್ಣ ಫಕ್ರೋದ್ದೀನ ತಾನು ಹೈದರಾಬಾದಿಗೆ ಹೊರಟಿದ್ದೇನೆ, ನೀನೂ ಬಾ ಎಂದು ಹೇಳಿಕಳಿಸಿದ್ದ. ಅವಳಿನ್ನೂ ಉತ್ತರ ಕೊಟ್ಟಿರಲಿಲ್ಲ. ಹಾವಗೆಪ್ಪ ಮರಳಿ ಬಂದು ಎಂಟು ದಿನವಾಗಿತ್ತು. ಕೀಲಿಕೈ ತೆಗೆದುಕೊಂಡಿದ್ದ, ಹೆಚ್ಚು ಮಾತಾಡಿರಲಿಲ್ಲ. ‘ಹೊರಗ ನಡೀರಿ’ ಎಂದು ಯಾವಾಗ ಹೇಳುತ್ತಾನೋ ಎಂದು ಅವಳು ದಿನವೂ ಕಾಯುತ್ತಿದ್ದಳು.

ತೊಲೆಯ ಸದ್ದು ಗೋಡೆಯಾಚೆಗೂ ಕೇಳಿತ್ತು. ಎಂಟು ಗಂಟೆಗೆ ಹಾವಗೆಪ್ಪ ಬಡಗಿ ಮಾನಪ್ಪನನ್ನು ಕರೆದುಕೊಂಡು ಬಂದ. ಹಿಂದೆಯೇ ಹೆಂಡತಿ ಈರಮ್ಮ. ಮಳೆಗೆ ಮಾಳಿಗೆ ಜಾರುತ್ತಿದ್ದುದರಿಂದ ಮಾನಪ್ಪ ಮೇಲೆ ಹತ್ತಲಿಲ್ಲ. ಕೆಳಗಿನಿಂದಲೇ ಕೋಲಿನಿಂದ ತೊಲೆಯನ್ನು ಕುಟ್ಟಿದ.

“ಬೇವಿನ ತೊಲಿರಿ ಸಾವಕಾರ್ರ. ಮುದುಕ ಆಗ್ಯಾದ. ನನ್ನಂಗ ನಡಾ ಹಿಡಕೊಂಡದ, ಅಷ್ಟೇ.”

“ಹಂಗಾದ್ರ ಖರ್ಚ ನಂದು,” ಎಂದ ಹಾವಗೆಪ್ಪ. “ಮ್ಯಾಲಿನ ಮಣ್ಣು ತೆಗೀಬೇಕೇನು?”

“ಯಾಕ ಬೇಕರಿ? ಕೆಳಗ ಟೇಕು ಕೊಟ್ಟು ತೊಲಿ ಬದಲಿ ಮಾಡ್ತೀನಿ. ಮಣ್ಣು ತನ್ನ ಪಾಡಿಗಿರ್ಲಿ.”

ಮರಿಯಮಬೀ ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮೂವತ್ತು ಮಣ ಮೇಲೆಯೇ ಉಳಿಯುತ್ತಿತ್ತು. ಗೋಡೆಯಾಚೆ, ಅದೇ ತೊಲೆಯ ನೇರಕ್ಕೆ, ಈರಮ್ಮ ಮಲಗುವ ಹೊರಸಿತ್ತು. ಈಚೆ ಸಕೀನಾಳ ಚಾಪೆ. ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು.

“ಸಾವಕಾರ್ರ... ಮಣ್ಣು ತೆಗೀಲೇಬೇಕರಿ. ನಾ ಹಳೇದು ಕೆರಸಿಲ್ಲರಿ. ಅದರ ಮ್ಯಾಲೇ ಹಾಕೀನಿ. ನಿಮ್ಮ ಕಡಿನೂ.”

ಮೊದಲು ಬಾಯಿ ಬಿಟ್ಟವಳು ಈರಮ್ಮ.

“ಕೇಳ್ರೀ! ಸೊಲ್ಲಾಪುರದಾಗ ಯಾರೂ ಕೊಲ್ಲಲಿಲ್ಲ ಅಂತ ದೇವರಿಗೆ ಕಾಯಿ ಒಡಸೀವಿ. ಇಲ್ಲಿ ನೋಡಿದ್ರ ಇಕಿ ನಮ್ಮ ತಲಿ ಮ್ಯಾಲೇ ಗೋರಿ ಕಟ್ಟಿಟ್ಟಾಳ!”

“ಅಕ್ಕಾರ, ಬೇಕಂತ ಮಾಡಿಲ್ಲರಿ. ಮ್ಯಾಲ ನಿಂದ್ರಲಾಕ ಅಂಜಿಕಿ ಇತ್ತರಿ. ಆಳು ಬರಲಿಲ್ಲರಿ.” ಮರಿಯಮಬೀ ಹಾವಗೆಪ್ಪನ ಕಡೆ ತಿರುಗಿದಳು. “ತೊಲಿ ಖರ್ಚ ನನ್ನ ಮ್ಯಾಲ ಹಾಕ್ರಿ. ಹೊಲದು ತೀರಸ್ತೀನಿ. ಮನಿ ಬಿಡು ಅಂತ ಮಾತ್ರ ಅನಬ್ಯಾಡ್ರಿ.”

ಹಾವಗೆಪ್ಪ ಮಾನಪ್ಪನ ಕೋಲು ತೆಗೆದುಕೊಂಡು ತಾನೂ ಬಿರುಕನ್ನು ಮುಟ್ಟಿ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

“ನಾವು ಕೀಲಿ ಕೊಟ್ಟು ಓಡಿ ಹೋದವರು. ಈ ವರ್ಷದ ಮಳಿಗಿ ಮಣ್ಣು ಹಾಕದಿದ್ರ ಗ್ವಾಡಿ ಸುದ್ದಾ ಉಳೀತಿದ್ದಿಲ್ಲ. ಇಕಿ ಹೆಚ್ಚಿಗಿ ಹಾಕ್ಯಾಳ, ಖರೆ. ನಾ ಇದ್ದಿದ್ರ ಮ್ಯಾಲ ಹತ್ತತಿದ್ನೇನು?”

“ನೀವಾ? ನೀವು ಹೊರಸಿನ ಕೆಳಗಿರ್ತಿದ್ರಿ,” ಎಂದಳು ಈರಮ್ಮ. ಮಾನಪ್ಪ ಮೀಸೆಯಡಿಯಲ್ಲಿ ನಕ್ಕ.

“ರಿವಾಜು ಇದ್ದಂಗ ಆಗ್ಲಿ,” ಎಂದ ಹಾವಗೆಪ್ಪ ಮರಿಯಮಬೀಗೆ. “ಮಣ್ಣು ಕೆರಸೋದು ನಿಮ್ಮದು. ತೊಲಿ ನಂದು.”

ಮರಿಯಮಬೀ ಗೋಡೆಗೆ ಕೈ ಊರಿದಳು. ಆದರೆ ಮಾನಪ್ಪ ಇನ್ನೂ ಅಳೆಯುತ್ತಲೇ ಇದ್ದ.

“ಸಾವಕಾರ್ರ, ಎರಡು ದಾರಿ ಅವರಿ. ಈ ಖೋಲಿ ನಡುವ ಒಂದು ಕಂಬ ನಿಲ್ಲಿಸಿದ್ರ ಇದೇ ತೊಲಿಗಿ ಪಟ್ಟಿ ಬಡದು ನಡಸಬಹುದು. ಕಂಬ ಬ್ಯಾಡಂದ್ರ ಅಖಂಡ ಸಾಗವಾನಿ ಹಾಕಬೇಕು.”

ಕಂಬ ನಿಂತರೆ ಆರು ಮೊಳದ ಕೌದಿ ಹಾಸುವುದಕ್ಕೆ ಆ ಕೋಣೆಯಲ್ಲಿ ಜಾಗವಿರುವುದಿಲ್ಲ. ಹಾಸಲು ಜಾಗವಿಲ್ಲದಿದ್ದರೆ ಹೊಲಿಗೆಯಿಲ್ಲ, ಹೊಲಿಗೆಯಿಲ್ಲದಿದ್ದರೆ ಮನೆಯೂ ಇಲ್ಲ. ಇದು ಹಾವಗೆಪ್ಪನಿಗೂ ಗೊತ್ತಿತ್ತು.

“ನಿಮ್ಮ ಅಣ್ಣ ಹೈದ್ರಾಬಾದಿಗಿ ಕರದಾನಂತಲ್ಲ,” ಎಂದ. “ಹೋಗೋರಿದ್ರ ಹೇಳ್ರಿ, ಕಂಬ ಸಾಕು. ಇರೋರಿದ್ರ ಸಾಗವಾನಿ ತರಸ್ತೀನಿ. ಎಷ್ಟು ವರ್ಷ ಇರ್ತೀರಿ?”

ಅವಳು ಅಣ್ಣನಿಗೆ ಕೊಡದ ಉತ್ತರವನ್ನೇ ಅವನು ಕೇಳುತ್ತಿದ್ದ. ಹೊರಗೆ ಓಣಿಯಲ್ಲಿ ಯಾರೋ ಓಡುವ ಸದ್ದು ಕೇಳಿ ಸಕೀನಾ ತಾಯಿಯ ಬೆನ್ನಿಗೆ ಸರಿದಳು. ಮರಿಯಮಬೀ ಬಾಗಿಲಿನ ಕಡೆ ತಿರುಗಲು ಹೋದ ಕಣ್ಣನ್ನು ತಡೆದು ಹಾವಗೆಪ್ಪನನ್ನು ನೋಡಿ, ಓಣಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

“ನಲವತ್ತು ವರ್ಷ.”