ಬಲಗಾಲಿನ ನರ

ಕಂಡಕ್ಟರಾಗಿ ವರ್ಷಗಟ್ಟಲೆ ಬಸ್ಸಿನಲ್ಲಿ ನಿಂತೇ ಟಿಕೆಟ್ ಹರಿದೂ ಹರಿದೂ ನನ್ನ ಕಾಲಿನ ನರಗಳು ಹುರಿಹಗ್ಗದಂತೆ ಉಬ್ಬಿದ್ದವು. ಯಶವಂತಪುರದ ಡಾಕ್ಟರೊಬ್ಬರು ಅಂಥ ನರಗಳನ್ನು ಇಂಜೆಕ್ಷನ್ ಚುಚ್ಚಿ ಬತ್ತಿಸುತ್ತಾರೆಂದು ಕೇಳಿ ಹೋದೆ.

ನನಗಿಂತ ಮುಂಚೆ ಹುಣಸಮಾರನಹಳ್ಳಿಯ ಹೆಂಗಸೊಬ್ಬಳು ಬೆಂಚಿನ ಮೇಲೆ ಕಾಲು ನೀಡಿ ಕೂತಿದ್ದಳು. ಎಡಗಾಲಿಗೆ ಚುಚ್ಚಿ, ಬಟ್ಟೆ ಬಿಗಿದು ಸುತ್ತಿ ಆಗಿತ್ತು. ಡಾಕ್ಟರು ಬಲಗಾಲಿಗೆ ಕೈ ಹಾಕಿದಾಗ ಅವಳು ಸೀರೆ ಎಳೆದುಕೊಂಡಳು.

"ಇದು ಬ್ಯಾಡ ಸ್ವಾಮಿ."

"ಇದರಲ್ಲೇ ನೋವು ಜಾಸ್ತಿ ಅಂದ್ಯಲ್ಲಮ್ಮ?"

"ಅಂದೆ. ಇದು ನನ್ನ ಮಗ ಒಟ್ಟೇಲಿದ್ದಾಗ ಎದ್ದಿದ್ದು."

"ಬಸುರಿಯರಿಗೆ ಹಾಗೆ ಏಳುತ್ತೆ. ಬಿಟ್ಟರೆ ಒಡೆದು ಹುಣ್ಣಾಗುತ್ತೆ. ಆ ಮಗನ್ನೇ ಕರ್ಕೊಂಡು ಬಾ, ಅವನಿಗೆ ಹೇಳ್ತೀನಿ."

"ಅವನು ಜ್ವರ ಬಂದು ತೀರ್ಕೊಂಡ ಸ್ವಾಮಿ. ಪಟ ಗಿಟ ಏನೂ ತೆಗೆಸಿರ್ಲಿಲ್ಲ. ಅವನ ಗುರ್ತು ಅಂತ ಇರೋದು ಇದೊಂದೇ."

ಡಾಕ್ಟರು ಸಿರಿಂಜನ್ನು ತಟ್ಟೆಯಲ್ಲಿಟ್ಟರು. ಅವಳು ಬಟ್ಟೆ ಸುತ್ತಿದ ಕಾಲಿನ ಮೇಲೆ ಭಾರ ಹಾಕಿ, ಇನ್ನೊಂದನ್ನು ಜೋಪಾನವಾಗಿ ಊರುತ್ತ ಹೊರಟುಹೋದಳು.

ಆಮೇಲೆ ನನ್ನನ್ನು ಕೂರಿಸಿದರು. ಡಾಕ್ಟರು ಎರಡು ಕಾಲನ್ನೂ ಬಹಳ ಹೊತ್ತು ನೋಡಿದರು.

"ನಿಮ್ಮದರಲ್ಲಿ ಯಾವುದಾದ್ರೂ ಬಿಡಬೇಕೇನ್ರಿ?" ತಮಾಷೆಗೆ ಕೇಳಿದ್ದಲ್ಲ.

"ಎಲ್ಲಕ್ಕೂ ಚುಚ್ಚಿ" ಅಂದೆ. "ಇವೆಲ್ಲ ಬಸ್ ಕಂಪನಿ ಕೊಟ್ಟಿದ್ದು."